ಅರವತ್ತೆಂಟನೇ ನಂಬರಿನ ಎಣ್ಣೆ

“ಸಲೀಸಾಗಿ ತಿರುಗ್ಬೇಕು ಅಂತ ನಾನೆಲ್ಲಿ ಹೇಳ್ದೆ ಮೇಸ್ತ್ರಿ?” ಎಂದ ಲೋಕನಾಥ.

ಉಜ್ಜಿನಪ್ಪ ಕೈಯೊರೆಸಿಕೊಳ್ಳುತ್ತಿದ್ದ ಜೀನ್ಸ್ ಬಟ್ಟೆಯ ಚೂರನ್ನು ಹಾಗೇ ಹಿಡಿದುಕೊಂಡು ಅವನ ಮುಖ ನೋಡಿದ. ಈ ಮನುಷ್ಯ ಮಡಕಶಿರಾ ಕಡೆಯಿಂದ ಕಾರು ಮಾಡಿಕೊಂಡು ರಾಯದುರ್ಗದಲ್ಲಿದ್ದ ಉಜ್ಜಿನಪ್ಪನ ರಿಪೇರಿ ಶೆಡ್ಡಿಗೆ ಬಂದು, ಬೋಟಿನ ಸ್ಟಿಯರಿಂಗಿಗೆ ಯಾವ ಎಣ್ಣೆ ಹಾಕಬೇಕು ಎಂದು ಕೇಳಿದ್ದ. ಹದಿನೈದನೇ ನಂಬರಿನದು ಎಂದು ಉಜ್ಜಿನಪ್ಪ ಹೇಳಿದ್ದ. ಜೆಸಿಬಿಗೆ ಹಾಕುತ್ತಾರಲ್ಲ, ಅರವತ್ತೆಂಟು, ಅದನ್ನು ಹಾಕಿದರೆ ಏನಾಗುತ್ತದೆ ಎಂಬುದು ಎರಡನೇ ಪ್ರಶ್ನೆ. ಚಕ್ರ ಸಲೀಸಾಗಿ ತಿರುಗುವುದಿಲ್ಲ ಎಂದದ್ದಕ್ಕೆ ಬಂದ ಉತ್ತರ ಇದು.

ಬೋಟಿನ ವಿಷಯ ಸ್ವಲ್ಪ ಹೇಳಬೇಕು. ಹುಟ್ಟು ಹಾಕುವ ದೋಣಿ ಅಲ್ಲ ಅದು. ಇಪ್ಪತ್ತನಾಲ್ಕು ಸೀಟಿನ, ನೆರಳಿಗೆ ಮೇಲೆ ತಾಡಪಾಲು ಕಟ್ಟಿದ ಮೋಟಾರು ಬೋಟು. ಇಂಜಿನ್ನು ಹಿಂದೆ ನೇತಾಡುತ್ತದೆ, ಚಕ್ರ ಮುಂದಿದೆ. ಎರಡರ ನಡುವೆ ಸರಳೂ ಇಲ್ಲ, ತಂತಿಯೂ ಇಲ್ಲ. ಬೆರಳು ದಪ್ಪದ ಎರಡು ಪೈಪು, ಅವುಗಳ ತುಂಬ ಎಣ್ಣೆ, ಅಷ್ಟೇ. ಚಕ್ರ ತಿರುಗಿಸಿದರೆ ಎಣ್ಣೆ ಹಿಂದಕ್ಕೆ ಓಡಿ ಇಂಜಿನ್ನಿನ ಪಕ್ಕದ ಸಿಲಿಂಡರಿನ ದಂಡವನ್ನು ತಳ್ಳುತ್ತದೆ, ಇಂಜಿನ್ನು ಮುಖ ಹೊರಳಿಸುತ್ತದೆ, ಬೋಟು ತಿರುಗುತ್ತದೆ. ಎಣ್ಣೆ ತೆಳ್ಳಗಿದ್ದರೆ ಮಗುವಿನ ಕೈಗೂ ಚಕ್ರ ಮಾತು ಕೇಳುತ್ತದೆ. ಎಣ್ಣೆ ಗಟ್ಟಿಯಾಗಿದ್ದರೆ ಅಷ್ಟು ಸಣ್ಣ ಪೈಪಿನಲ್ಲಿ ಅದನ್ನು ತಳ್ಳುವುದು ತೋಳಿನ ಕೆಲಸ. ನಂಬರು ಏರಿದಷ್ಟೂ ಎಣ್ಣೆ ಗಟ್ಟಿ. ಚಳಿ ಬಿದ್ದರೆ ಇನ್ನೂ ಗಟ್ಟಿ.

ಕಾಲುವೆಯ ನೀರು ಬಂದು ಮಡಕಶಿರಾ ಕಡೆಯ ಕೆರೆಯೊಂದು ತುಂಬಿದ ಮೇಲೆ ಅಲ್ಲಿ ಬೋಟು ಓಡಿಸುವ ಗುತ್ತಿಗೆ ಲೋಕನಾಥನಿಗೆ ಸಿಕ್ಕಿತ್ತು. ಕೊಡುವಾಗ ಕೆರೆಯ ಊರವರು ಒಂದು ಷರತ್ತು ಬರೆಸಿಕೊಂಡಿದ್ದರು: ಚಕ್ರ ಹಿಡಿಯುವವನು ನಮ್ಮೂರವನೇ ಆಗಬೇಕು. ಆ ಊರಿನಲ್ಲಿ ಬೋಟು ಕಲಿತು ಸರ್ಟಿಫಿಕೇಟು ತಂದವನು ಬಾಲರಾಜು ಒಬ್ಬನೇ. ಈಗ ಲೋಕನಾಥನ ಹೆಂಡತಿಯ ತಮ್ಮ ಸುನೀಲ್ ಎಂಬವನು ಅದೇ ಸರ್ಟಿಫಿಕೇಟು ತಂದು ಅಕ್ಕನ ಮನೆಯಲ್ಲಿ ಕೂತಿದ್ದ. ಬಾಲರಾಜನನ್ನು ತೆಗೆದರೆ ಊರು ಕೇಳುತ್ತದೆ. ಅವನೇ ಬಿಟ್ಟರೆ, ಇಲ್ಲವೇ ವರ್ಷಕ್ಕೊಮ್ಮೆ ಬರುವ ಅಧಿಕಾರಿಯ ಮುಂದೆ ನಪಾಸಾದರೆ, ಯಾರೂ ಕೇಳುವುದಿಲ್ಲ.

“ಅವನ ಎಡಗೈ ಸ್ವಾಧೀನ ಇಲ್ಲ,” ಎಂದ ಲೋಕನಾಥ. “ಚಕ್ರ ಹಗುರ ಐತೆ ಅಂತ ಎರಡು ಬೆರಳಲ್ಲಿ ಓಡಿಸ್ಕೊಂಡವ್ನೆ. ಸ್ವಲ್ಪ ಬಿಗಿ ಮಾಡು ಸಾಕು.”

ಬಿಗಿ ಮಾಡು ಎಂಬ ಮಾತು ಉಜ್ಜಿನಪ್ಪನಿಗೆ ಹೊಸದಲ್ಲ. ಓಬಳಾಪುರದ ಸುತ್ತ ಅದಿರು ಅಗೆಯುತ್ತಿದ್ದ ವರ್ಷಗಳಲ್ಲಿ ಅವನು ಆ ದೊಡ್ಡ ಯಂತ್ರಗಳ ಹೈಡ್ರಾಲಿಕ್ ಕೆಲಸ ಮಾಡಿದವನು. ಅಲ್ಲಿನ ಮೇಸ್ತ್ರಿಗಳಲ್ಲಿ ಒಂದು ರೂಢಿಯಿತ್ತು. ಯಾವನಾದರೂ ಆಪರೇಟರು ಮೇಲಿನವರಿಗೆ ಬೇಡವಾದರೆ ಅವನಿಗೆ ಹೋಗು ಎನ್ನುತ್ತಿರಲಿಲ್ಲ. ಮೇಸ್ತ್ರಿಯನ್ನು ಕರೆದು ಬಿಗಿ ಮಾಡು ಎನ್ನುತ್ತಿದ್ದರು. ಮೇಸ್ತ್ರಿ ಲಿವರಿನ ಸ್ಪ್ರಿಂಗನ್ನು ಎರಡು ಸುತ್ತು ಹೆಚ್ಚು ತಿರುಗಿಸುತ್ತಿದ್ದ, ಎಣ್ಣೆಯನ್ನು ಒಂದು ನಂಬರು ಏರಿಸುತ್ತಿದ್ದ. ವಾರದೊಳಗೆ ಆಪರೇಟರು ಭುಜ ಹಿಡಿದುಕೊಂಡು, ನನ್ನ ಕೈಲಿ ಆಗುವುದಿಲ್ಲ ಎಂದು ತಾನೇ ಟ್ರಂಕು ಎತ್ತಿಕೊಂಡು ಹೋಗುತ್ತಿದ್ದ. ಯಂತ್ರ ಕೆಟ್ಟಿಲ್ಲ, ಯಾರೂ ಬೈದಿಲ್ಲ, ಮನುಷ್ಯ ಮಾತ್ರ ಇಲ್ಲ. ಹಾಗೆ ಎಷ್ಟು ಜನ ಹೋದರೆಂದು ಉಜ್ಜಿನಪ್ಪ ನೆನಪಿಟ್ಟಿಲ್ಲ. ಅವರಲ್ಲಿ ಒಬ್ಬನ ಜೊತೆಯೂ ಅವನು ಕೂತು ಉಂಡಿರಲಿಲ್ಲ.

ಉಜ್ಜಿನಪ್ಪ ಕೆಟ್ಟವನೆಂದು ರಾಯದುರ್ಗದಲ್ಲಿ ಯಾರನ್ನು ಕೇಳಿದರೂ ಹೇಳುವುದಿಲ್ಲ. ಪಕ್ಕದ ಶೆಡ್ಡಿನಲ್ಲಿ ಜೀನ್ಸ್ ಹೊಲಿಯುವ ಹೆಂಗಸರ ಮಿಷನ್ನುಗಳಿಗೆ ಬಿಟ್ಟಿಯಾಗಿ ಎಣ್ಣೆ ಹಾಕಿಕೊಡುವ ಮನುಷ್ಯ. ಆದರೆ ಅದಿರು ನಿಂತ ಮೇಲೆ ಅವನ ಶೆಡ್ಡಿಗೆ ದೊಡ್ಡ ಯಂತ್ರ ಬಂದಿರಲಿಲ್ಲ. ಟ್ರ್ಯಾಕ್ಟರಿನ ಪೈಪು, ನೀರಿನ ಟ್ಯಾಂಕರಿನ ಜಾಕು, ಹೀಗೆ ಸಣ್ಣಪುಟ್ಟದ್ದು. ಲೋಕನಾಥನ ಎರಡು ಅಗೆಯುವ ಯಂತ್ರಗಳು ಕಾಲುವೆಯ ಹೂಳೆತ್ತುತ್ತಿದ್ದವು. ಇನ್ನು ಮೇಲೆ ಅವುಗಳ ಕೆಲಸವೆಲ್ಲ ನಿನಗೇ ಎಂದು ಅವನು ಮಾತು ಮುಗಿಸುವ ಹೊತ್ತಿಗೆ ಹೇಳಿದ. ಮತ್ತೆ ದೊಡ್ಡ ಯಂತ್ರದ ಹೊಟ್ಟೆಯೊಳಗೆ ಕೈ ಇಡುವ ಆಸೆ ಉಜ್ಜಿನಪ್ಪನಿಗೆ ಎಷ್ಟಿತ್ತೆಂದು ಲೋಕನಾಥ ಹೇಗೆ ಕಂಡುಕೊಂಡನೋ.

ಇನ್ನೂ ಒಂದು ಮಾತು ಹೇಳಿ ಹೋದ. ಹದಿನೈದನೇ ನಂಬರಿನದೂ ಒಂದು ಡಬ್ಬಿ ತಾ, ಪರೀಕ್ಷೆ ಮುಗಿದ ಮೇಲೆ ನಮ್ಮ ಹುಡುಗನಿಗೆ ಅದನ್ನೇ ಹಾಕು ಎಂದ.

ರಾಯದುರ್ಗದಲ್ಲಿ ಹದಿನೈದು ಸಿಗಲಿಲ್ಲ. ಉಜ್ಜಿನಪ್ಪ ಬಳ್ಳಾರಿಯಿಂದ ತರಿಸಿದ.

ಪರೀಕ್ಷೆಯ ಹಿಂದಿನ ದಿನ ಬೆಳಗಿನ ಬಸ್ಸಿಗೆ ಹೊರಟು ಕಲ್ಯಾಣದುರ್ಗದ ಮೇಲೆ ಹಾದು ಅವನು ಕೆರೆ ತಲುಪುವಾಗ ಹೊತ್ತು ನೆತ್ತಿಗೆ ಬಂದಿತ್ತು. ಮಾರ್ಗಶಿರದ ಗಾಳಿ, ಬಿಸಿಲಿದ್ದರೂ ನೀರಿನ ಕಡೆಯಿಂದ ಚಳಿ ಬರುತ್ತಿತ್ತು. ಬಸ್ಸಿಳಿದಾಗಲೇ ಒಬ್ಬ ಇಸ್ತ್ರಿ ಮಾಡಿದ ಬಿಳಿ ಅಂಗಿಯವನು ಓಡಿ ಬಂದು ಅವನ ಚೀಲಕ್ಕೆ ಬಲಗೈ ಹಾಕಿದ. ಎಡಗೈ ಮೊಣಕೈ ಹತ್ತಿರ ಸೊಟ್ಟಗಿತ್ತು, ಮರದ ಕೊಂಬೆ ಕಡಿದು ಮತ್ತೆ ಅಂಟಿಸಿದ ಹಾಗೆ. ಹೆಸರು ಕೇಳುವ ಅಗತ್ಯವಿರಲಿಲ್ಲ.

“ಭಾರ ಐತ್ರಿ, ಬಿಡ್ರಿ,” ಎಂದ ಉಜ್ಜಿನಪ್ಪ.

“ಏ, ಈ ಕೈಗೇನಾಗಿಲ್ಲ ಮೇಸ್ತ್ರಿ. ಗಟ್ಟಿ ಐತೆ. ಆ ಕೈದೇ ನಾಟಕ.”

ಬಾಲರಾಜು ದಾರಿಯುದ್ದಕ್ಕೂ ಮಾತಾಡಿದ. ತೆಂಗಿನ ಮರ ಹತ್ತಿ ಕಾಯಿ ಕೀಳುವುದು ಅವನ ಕಸುಬಾಗಿತ್ತಂತೆ. ಆರು ವರ್ಷದ ಹಿಂದೆ ಹಿಡಿದ ಗರಿ ಕಿತ್ತುಬಂದು ಬಿದ್ದನಂತೆ. ನಾಟಿ ವೈದ್ಯ ಕಟ್ಟಿದ ಕಟ್ಟು ಸೊಟ್ಟಗೆ ಕೂತಿತಂತೆ. ಬೋಟು ಓಡಿಸುವವನ ಬಲಗೈ ವೇಗದ ಹಿಡಿಯ ಮೇಲೇ ಇರಬೇಕು, ಚಕ್ರಕ್ಕೆ ಎಡಗೈ. ಆ ಬೋಟಿನ ಚಕ್ರ ಎಷ್ಟು ಹಗುರವೆಂದರೆ ಈ ಸೊಟ್ಟ ಕೈಯ ಎರಡು ಬೆರಳೇ ಅದಕ್ಕೆ ಸಾಕಾಗುತ್ತವೆ ಎಂದು ಹೇಳಿ, ಯಾರೋ ತನಗಾಗಿಯೇ ಮಾಡಿಸಿಟ್ಟ ಚಕ್ರ ಅದು ಎಂದು ನಕ್ಕ.

ಮೊದಲು ಊಟ ಎಂದು ಮನೆಗೆ ಕರೆದೊಯ್ದ. ಉಜ್ಜಿನಪ್ಪ ಬೇಡವೆಂದ, ಬಸ್ಸಿನಲ್ಲಿ ತಿಂದೆ ಎಂದ, ಹೊಟ್ಟೆ ಸರಿಯಿಲ್ಲ ಎಂದ. ಮೂರೂ ಸುಳ್ಳೆಂದು ಬಾಲರಾಜನ ಹೆಂಡತಿ ಶಾಂತಕುಮಾರಿಗೆ ಅವನ ಮುಖ ನೋಡಿದರೇ ಗೊತ್ತಾಯಿತು. ಮುದ್ದೆ, ಹುರುಳಿಕಾಳಿನ ಸಾರು ಬಡಿಸಿದಳು. ಬಡಿಸುತ್ತ ಅವಳೂ ಮಾತಾಡಿದಳು. ಮಾತಿನ ಮನೆ ಅದು. ಬಿದ್ದ ಮೇಲೆ ಮೂರು ವರ್ಷ ಇವರು ಗೋಡೆ ನೋಡಿಕೊಂಡು ಕೂತಿದ್ದರು, ಯಾರಾದರೂ ಮಾತಾಡಿಸಿದರೆ ಎದ್ದು ಒಳಗೆ ಹೋಗುತ್ತಿದ್ದರು ಎಂದಳು. ಈಗ ನೋಡಿ ಎಂದು ಗಂಡನ ಅಂಗಿಯ ಕಡೆ ಗದ್ದ ತೋರಿಸಿದಳು.

“ಏಳಕ್ಕೆಲ್ಲ ಇಸ್ತ್ರಿ ಅಂಗಿ ಹಾಕ್ಕೊಂಡು ಹೋಗ್ತಾರಣ್ಣ. ಊರವ್ರು ಡ್ರೈವರ್ ಸಾರ್ ಅಂತಾರೆ. ನಾಳೆ ಒಂದು ದಾಟಿದ್ರೆ ಇನ್ನೊಂದ್ವರ್ಷ ನಿಶ್ಚಿಂತೆ.”

ಒಂಬತ್ತನೇ ಕ್ಲಾಸಿನ ಮಗಳು ಶ್ರಾವಣಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದ ಒಂದು ಪುಸ್ತಕ ತಂದಳು. ಬೋಟಿನ ಜೊತೆ ಬಂದದ್ದು, ಇಂಗ್ಲಿಷಿನದು. ಸ್ಟಿಯರಿಂಗಿನ ಪುಟಕ್ಕೆ ನವಿಲುಗರಿ ಇಟ್ಟಿದ್ದಳು. ಹದಿನೈದನೇ ನಂಬರಿನದೇ ಹಾಕಬೇಕು, ಗಟ್ಟಿ ಎಣ್ಣೆ ಹಾಕಿದರೆ ಚಕ್ರ ಭಾರವಾಗುತ್ತದೆ, ಬ್ರೇಕಿನ ಎಣ್ಣೆಯನ್ನಂತೂ ಹಾಕಲೇಬಾರದು, ರಬ್ಬರು ತಿಂದುಹಾಕುತ್ತದೆ ಎಂದು ಬೆರಳಿಟ್ಟು ಓದಿ ಕನ್ನಡದಲ್ಲಿ ಹೇಳಿದಳು. ಬಾಲರಾಜು ಹೆಮ್ಮೆಯಿಂದ ಮೇಸ್ತ್ರಿಯ ಮುಖ ನೋಡಿದ.

ಉಜ್ಜಿನಪ್ಪ ಮುದ್ದೆಯ ತುತ್ತು ನುಂಗಿ, “ಪುಸ್ತಕ ಬರ್ದೋರು ಹಿಮ ಬೀಳೋ ದೇಶದೋರವ್ವ,” ಎಂದ. “ನಮ್ಮ ಬಿಸಿಲಿಗೆ ಆ ತೆಳ್ಳನ ಎಣ್ಣಿ ನಿಲ್ಲಂಗಿಲ್ಲ. ಸೀಲಿನ ಸಂದ್ಯಾಗ ಸೋರಿ ಹೋಗ್ತದ. ಇಲ್ಲಿಗೆ ಅರವತ್ತೆಂಟೇ.”

ಇದು ಅರ್ಧ ನಿಜ. ಬಿಸಿಲಿನಲ್ಲಿ ಇಡೀ ದಿನ ಕುದಿಯುವ ಯಂತ್ರಗಳಿಗೆ ಅವನು ಮೂವತ್ತು ವರ್ಷ ಹಾಕಿದ್ದು ಅದೇ. ಅರ್ಧ ನಿಜವಾದ್ದರಿಂದ ಅವನ ದನಿ ಅಲುಗಲಿಲ್ಲ. ಶ್ರಾವಣಿ ಇನ್ನೊಂದು ಸಲ ಪುಟ ನೋಡಿದಳು. ಬಾಲರಾಜು ಪುಸ್ತಕ ಮುಚ್ಚಿಸಿದ.

“ಇಡಮ್ಮ ಒಳಗೆ. ಅವ್ರು ಕೈಯಾಗೆ ಕಂಡೋರು, ನೀನು ಕಾಗ್ದ ಓದ್ದೋಳು.”

ಹದಿನೈದರ ಡಬ್ಬಿ ಆಗ ಅವರ ಬಾಗಿಲ ಪಕ್ಕದ ಚೀಲದಲ್ಲೇ ಇತ್ತು.

ಮಧ್ಯಾಹ್ನ ಕೆಲಸ ಶುರುವಾಯಿತು. ಸಿಲಿಂಡರಿನ ಸೀಲು ಸವೆದು ಎಣ್ಣೆ ಸೋರುತ್ತಿದ್ದದ್ದು ನಿಜವೇ ಆಗಿತ್ತು. ಉಜ್ಜಿನಪ್ಪ ಹಳೆಯದನ್ನು ಕಿತ್ತು ಹೊಸ ಸೀಲು ಹಾಕಿದ, ಪೈಪಿನಲ್ಲಿದ್ದ ಎಣ್ಣೆಯನ್ನೆಲ್ಲ ಇಳಿಸಿದ. ಆಮೇಲೆ ಚಕ್ರದ ಮೇಲಿನ ತೂತಿಗೆ ಸಣ್ಣ ಕೊಳವೆ ಸಿಗಿಸಿ, ಅದರ ತುದಿಗೆ ಬುಡ ಕತ್ತರಿಸಿದ ನೀರಿನ ಬಾಟಲಿಯನ್ನು ತಲೆಕೆಳಗಾಗಿ ಕಟ್ಟಿ, ಅರವತ್ತೆಂಟನ್ನು ಸುರಿದ. ಗಾಳಿ ತೆಗೆಯುವುದಕ್ಕೆ ಇಬ್ಬರು ಬೇಕು. ಒಬ್ಬ ಹಿಂದೆ ಸಿಲಿಂಡರಿನ ನಟ್ಟು ಸಡಿಲಿಸುತ್ತಾನೆ, ಇನ್ನೊಬ್ಬ ಮುಂದೆ ಚಕ್ರವನ್ನು ಆ ತುದಿಯಿಂದ ಈ ತುದಿಗೆ ತಿರುಗಿಸುತ್ತಾನೆ. ಬಾಟಲಿಯಲ್ಲಿ ಗುಳ್ಳೆ ಏಳುವುದು ನಿಲ್ಲುವ ತನಕ.

ಬಾಲರಾಜು ಸೀಟಿನಲ್ಲಿ ಕೂತು ಎಡಗೈ ಹಾಕಿದ. ಚಕ್ರ ಕದಲಲಿಲ್ಲ. ಇನ್ನಷ್ಟು ಒತ್ತಿದ. ನಿಧಾನಕ್ಕೆ, ಬಾವಿಯ ಅಡಿಯ ಕೆಸರಿನಿಂದ ಏನನ್ನೋ ಎಳೆದಂತೆ, ಕಾಲು ಸುತ್ತು ಬಂತು. ಅವನು ಬಲಗೈಯನ್ನೂ ಹಾಕಿದ.

“ಇದ್ಯಾಕೆ ಮೇಸ್ತ್ರಿ, ಇಷ್ಟು ಬಿಗಿ?”

ಹಿಂದೆ, ಇಂಜಿನ್ನಿನ ಪಕ್ಕ ಬಗ್ಗಿದ್ದ ಉಜ್ಜಿನಪ್ಪನಿಗೆ ಉತ್ತರ ಮೊದಲೇ ಬಾಯಲ್ಲಿತ್ತು. ಅದಿರಿನ ಕಾಲದಲ್ಲಿ ಆಪರೇಟರುಗಳಿಗೆ ಹೇಳುತ್ತಿದ್ದ ಉತ್ತರವೇ.

“ಹೊಸಾ ಸೀಲ್ ಅಲ್ಲೇನ್ರಿ. ಬಿಗಿನೇ ಇರ್ತದ. ತಿರುಗ್ಸಿ ತಿರುಗ್ಸಿ ಸಡ್ಲ ಮಾಡ್ಕೋಬೇಕು.”

“ಎಷ್ಟು ಸಲ?”

“ಇನ್ನೂರು ಸಲ ತಿರುಗ್ಸ್ರಿ,” ಎಂದ ಉಜ್ಜಿನಪ್ಪ. ಆ ಲೆಕ್ಕ ಎಲ್ಲಿಂದ ಬಂತೋ ಅವನಿಗೂ ತಿಳಿಯದು.

ಬಾಲರಾಜು ತಲೆಯಾಡಿಸಿ ತಿರುಗಿಸತೊಡಗಿದ. ಉಜ್ಜಿನಪ್ಪ ಕೆಲಸ ಮುಗಿಸಿ ಕೈ ತೊಳೆದು, ಲೋಕನಾಥ ಮಾಡಿಸಿಕೊಟ್ಟಿದ್ದ ಲಾಡ್ಜಿನ ರೂಮಿಗೆ ಹೋಗಲು ಕೆರೆಯ ಏರಿ ಹತ್ತಿ ತಿರುಗಿ ನೋಡಿದ. ಇಳಿಬಿಸಿಲಿನಲ್ಲಿ ಬಿಳಿ ಅಂಗಿ ಒಂದು ಸಲ ಎಡಕ್ಕೆ ವಾಲುತ್ತಿತ್ತು, ಒಂದು ಸಲ ಬಲಕ್ಕೆ. ಬಾಯಿ ಎಣಿಸುತ್ತಿತ್ತು.

ಮರುದಿನ ಏಳಕ್ಕೆ ಅವನು ಕೆರೆಗೆ ಬಂದಾಗ ಶಾಂತಕುಮಾರಿ ಮೆಟ್ಟಿಲ ಹತ್ತಿರ ಕಾಯುತ್ತಿದ್ದಳು. ಗಂಡ ಬೋಟಿನ ಸೀಟು ಒರೆಸುತ್ತಿದ್ದುದನ್ನು ನೋಡಿಕೊಂಡು, ದನಿ ತಗ್ಗಿಸಿ ಹೇಳಿದಳು. ಇವರು ಇನ್ನೂರಕ್ಕೆ ನಿಲ್ಲಿಸಲಿಲ್ಲವಂತೆ. ಕತ್ತಲಾಗುವ ತನಕ ಐನೂರು ಮಾಡಿದರಂತೆ. ಎಡಗೈ ಮೊಣಕೈಯಿಂದ ಕೆಳಗೆ ಊದಿಕೊಂಡಿದೆ, ಬೆಳಿಗ್ಗೆ ಅಂಗಿಯ ತೋಳೊಳಗೆ ಕೈ ತೂರಿಸಿದ್ದು ತಾನೇ, ಗುಂಡಿ ಹಾಕಿದ್ದು ಮಗಳು. ಚಕ್ರ ಮಾತ್ರ ಸಡಿಲವಾಗಿಲ್ಲ, ಚಳಿಗೆ ಇನ್ನೂ ಬಿಗಿದಿದೆ.

“ಏನಾದ್ರೂ ಮಾಡೋಕಾಗ್ತದಾ ಅಣ್ಣ? ಇನ್ನೂ ಒಂದ್ಗಂಟೆ ಐತೆ.”

ಒಂದು ಗಂಟೆ ಧಾರಾಳವಾಗಿ ಸಾಕಿತ್ತು. ಎಣ್ಣೆ ಇಳಿಸಲು ಹತ್ತು ನಿಮಿಷ, ಹದಿನೈದು ತುಂಬಿ ಗಾಳಿ ತೆಗೆಯಲು ಇಪ್ಪತ್ತು. ಡಬ್ಬಿ ಹೆಗಲ ಮೇಲಿನ ಚೀಲದಲ್ಲಿ ಅವನ ಪಕ್ಕೆಗೆ ಒತ್ತುತ್ತಿತ್ತು. ಉಜ್ಜಿನಪ್ಪ ಅದರ ಮೇಲೆ ಕೈಯಿಟ್ಟ ಕೂಡ. ಅಷ್ಟರಲ್ಲಿ ಏರಿಯ ಮೇಲೆ ಲೋಕನಾಥನ ಕಾರು ನಿಂತಿತು. ಅದರ ಹಿಂದೆ ಲಾರಿಯ ಮೇಲೆ ಹಳದಿ ಯಂತ್ರವೊಂದು ಕಾಲುವೆಯ ಕಡೆ ಹೋಗುತ್ತಿತ್ತು. ಅದರ ದೊಡ್ಡ ಸಿಲಿಂಡರಿನಿಂದ ಎಣ್ಣೆ ಸೋರಿ ಕಪ್ಪಾದದ್ದು ಇಷ್ಟು ದೂರದಿಂದಲೂ ಉಜ್ಜಿನಪ್ಪನ ಕಣ್ಣಿಗೆ ಬಿತ್ತು.

“ಬಿಸಿನೀರಾಗ ಅದ್ದಿದ ಬಟ್ಟಿ ಕಟ್ರವ್ವ,” ಎಂದ. “ಊತ ಇಳೀತದ.”

ಎಂಟಕ್ಕೆ ಅಧಿಕಾರಿ ಬಂದ. ಅನಂತಪುರದ ಕಡೆಯವನು, ತೆಲುಗು ಮಾತಾಡುವವನು, ಸಾವಧಾನದ ಮನುಷ್ಯ. ನೀರಿನಲ್ಲಿ ಎರಡು ನೀಲಿ ಡ್ರಮ್ಮುಗಳನ್ನು ಹಗ್ಗ ಕಟ್ಟಿ ತೇಲಿಬಿಡಿಸಿದ್ದ. ಮೊದಲನೆಯದನ್ನು ಎಡಕ್ಕೆ ಸುತ್ತಬೇಕು, ಎರಡನೆಯದನ್ನು ಬಲಕ್ಕೆ, ಯಾವುದನ್ನೂ ಮುಟ್ಟದೆ ಮೆಟ್ಟಿಲಿಗೆ ಮರಳಬೇಕು. ಮೂರು ವರ್ಷದಿಂದ ಬಾಲರಾಜು ದಿನಕ್ಕೆ ಹತ್ತು ಸಲ ಮಾಡುತ್ತಿದ್ದ ಕೆಲಸ ಅದು. ಊರಿನ ಹದಿನೈದಿಪ್ಪತ್ತು ಜನ ಏರಿಯ ಮೇಲೆ ಕೂತಿದ್ದರು. ನಮ್ಮ ಡ್ರೈವರ್ ಸಾರ್ ಕಣ್ಣು ಮುಚ್ಚಿಕೊಂಡು ಮಾಡುತ್ತಾನೆ ನೋಡು ಎಂದು ಒಬ್ಬ ಸುನೀಲನಿಗೆ ಕೇಳುವಂತೆ ಹೇಳಿದ. ಸುನೀಲ್ ಮೊಬೈಲು ನೋಡುತ್ತಿದ್ದ.

ಬೋಟು ನೇರ ಹೋಗುವಾಗ ಚೆನ್ನಾಗಿಯೇ ಹೋಯಿತು. ಮೊದಲ ಡ್ರಮ್ಮಿನ ಹತ್ತಿರ ಬಾಲರಾಜನ ಎಡಗೈ ಚಕ್ರದ ಮೇಲೆ ಒತ್ತಿದ್ದು ದಡಕ್ಕೂ ಕಾಣುತ್ತಿತ್ತು. ಚಕ್ರ ಬರಲಿಲ್ಲ. ವೇಗದ ಹಿಡಿ ಬಿಟ್ಟು ಬಲಗೈಯನ್ನೂ ತಂದ. ಚಕ್ರವೇನೋ ಬಂತು, ಆದರೆ ವೇಗ ತಗ್ಗಿಸುವ ಕೈ ಚಕ್ರಕ್ಕೆ ಹೋಗಿತ್ತಲ್ಲ, ಬೋಟು ಅದೇ ಓಟದಲ್ಲಿ ಹೋಗಿ ಡ್ರಮ್ಮಿಗೆ ಡಬ್ ಎಂದು ಬಡಿಯಿತು. ಡ್ರಮ್ಮು ಒಂದು ಸಲ ಮುಳುಗಿ ಎದ್ದಿತು. ಏರಿಯ ಮೇಲೆ ಯಾರೋ ನಕ್ಕರು. ಬೇಕೆಂದು ನಕ್ಕದ್ದಲ್ಲ, ಡ್ರಮ್ಮು ಎದ್ದ ರೀತಿಗೆ.

ಅಧಿಕಾರಿ ಅವನನ್ನು ದಡಕ್ಕೆ ಕರೆಸಿಕೊಂಡ. ಬಾಲರಾಜು ಚಕ್ರ ಸ್ವಲ್ಪ ಬಿಗಿಯಿದೆ ಸಾರ್, ನಿನ್ನೆ ತಾನೇ ಹೊಸ ಸೀಲು ಹಾಕಿದ್ದು ಎಂದ. ಅಧಿಕಾರಿ ತಾನೇ ಹತ್ತಿ ಚಕ್ರವನ್ನು ಎರಡೂ ಕೈಯಲ್ಲಿ ತಿರುಗಿಸಿ ನೋಡಿದ. ಅವನ ಕೈಗೆ ಅದು ಬಂತು. ಭಾರ ಎನಿಸಿತೋ ಏನೋ, ಹುಬ್ಬು ಸ್ವಲ್ಪ ಗಂಟಾಯಿತು. ಇಳಿದು ಬಂದು ಉಜ್ಜಿನಪ್ಪನನ್ನು ಕೇಳಿದ.

“ಸ್ಟಿಯರಿಂಗ್ ಬಾಗುಂದಾ ಮೇಸ್ತ್ರೀ? ಏಮೈನಾ ತೇಡಾ ಉಂದಾ?”

ಸರಿಯಾಗಿದೆಯಾ, ಏನಾದರೂ ವ್ಯತ್ಯಾಸವಿದೆಯಾ ಎಂದು ಅವನು ಕೇಳಿದ್ದು ಎಲ್ಲರಿಗೂ ಅರ್ಥವಾಗಿತ್ತು. ಬಾಲರಾಜು ಮೇಸ್ತ್ರಿಯ ಕಡೆ ತಿರುಗಿದ. ಅವನ ಮುಖದಲ್ಲಿ ಭಯವಿರಲಿಲ್ಲ. ತನ್ನ ಪರವಾಗಿ ಮಾತಾಡುವವನನ್ನು ನೋಡುವ ನೋಟ. ಶಾಂತಕುಮಾರಿಯೂ ಹಾಗೇ ನೋಡುತ್ತಿದ್ದಳು. ಲೋಕನಾಥ ನೀರು ನೋಡುತ್ತಿದ್ದ.

“ಸ್ಟಿಯರಿಂಗ್ ಕರೆಕ್ಟ್ ಐತ್ರಿ ಸಾರ್,” ಎಂದ ಉಜ್ಜಿನಪ್ಪ. “ಎಲ್ಲಾ ಹೊಸಾದು. ಅದರಾಗ ಏನೂ ತಪ್ಪಿಲ್ಲ.”

ಸೋರುತ್ತಿರಲಿಲ್ಲ, ಗಾಳಿಯಿರಲಿಲ್ಲ, ಸೀಲು ಹೊಸದು. ಅವನು ಹೇಳಿದ ಒಂದೊಂದನ್ನೂ ಯಾವ ಮೇಸ್ತ್ರಿ ಬಂದು ನೋಡಿದರೂ ಹೌದೆನ್ನಬೇಕಿತ್ತು.

ಅಧಿಕಾರಿ ಒಳ್ಳೆಯವನು. ಇನ್ನೊಂದು ಸಲ ಮಾಡು, ಅವಸರವಿಲ್ಲ ಎಂದ. ಆ ಒಳ್ಳೆಯತನದಿಂದ ಆದದ್ದಿಷ್ಟು: ಎರಡನೇ ಸಲ ಬಾಲರಾಜನಿಗೆ ಡ್ರಮ್ಮಿನ ತನಕವೂ ಹೋಗಲಾಗಲಿಲ್ಲ. ಮೆಟ್ಟಿಲಿನಿಂದ ಬೋಟನ್ನು ಹೊರಳಿಸುವಾಗಲೇ ಕೈ ಜಾರಿ ಚಕ್ರ ಅರ್ಧಕ್ಕೇ ನಿಂತಿತು, ಬೋಟು ಅಡ್ಡಡ್ಡ ಹೋಗಿ ಕೆಸರಿನಲ್ಲಿ ಮೂತಿ ಹೂತುಕೊಂಡು ನಿಂತಿತು. ಈ ಸಲ ಯಾರೂ ನಗಲಿಲ್ಲ. ಊರಿನ ಇಬ್ಬರು ಪಂಚೆ ಎತ್ತಿ ಕಟ್ಟಿ ನೀರಿಗಿಳಿದು ಬೋಟು ತಳ್ಳಿದರು. ಬಾಲರಾಜು ಸೀಟಿನಲ್ಲೇ ಕೂತಿದ್ದ, ಎಡಗೈಯನ್ನು ಬಲಗೈಯಲ್ಲಿ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು.

ಸುನೀಲ್ ಬಂದು ಕೂತ. ಹರೆಯದ ತೋಳು; ಚಕ್ರಕ್ಕೆ ಹಲ್ಲು ಕಚ್ಚಿದನಾದರೂ ಎರಡು ಡ್ರಮ್ಮನ್ನೂ ಸುತ್ತಿ ಬಂದ. ಅಧಿಕಾರಿ ಕಾಗದದಲ್ಲಿ ಬರೆದ. ಊರವರು ಒಬ್ಬೊಬ್ಬರೇ ಎದ್ದು ಹಿಂಬದಿಯ ಮಣ್ಣು ಕೊಡವಿಕೊಂಡು ಹೋದರು. ಪಾಪ ಎಂದರು, ಆ ಕೈ ಇಷ್ಟು ದಿನ ಬಂದದ್ದೇ ಹೆಚ್ಚು ಎಂದರು. ಷರತ್ತಿನ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಬಾಲರಾಜು ಉಜ್ಜಿನಪ್ಪನ ಹತ್ತಿರ ಬಂದ.

“ಬೇಜಾರ್ ಮಾಡ್ಕೊಬೇಡ ಮೇಸ್ತ್ರಿ. ಬಿಗಿ ಐತೆ ಅಂತ ಆ ಸಾರ್ ಮುಂದೆ ಅಂದ್ಬಿಟ್ಟೆ, ನಿನ್ ಕೆಲ್ಸಕ್ಕೆ ಹೆಸ್ರಿಟ್ಟಂಗಾಯ್ತು. ಕೈಯೇ ಸೋತಿದ್ದು.”

ಅಧಿಕಾರಿಯ ಜೀಪು ಏರಿ ದಾಟಿದ ಮೇಲೆ ಲೋಕನಾಥ ಕೈ ಉಜ್ಜಿಕೊಳ್ಳುತ್ತ ಬಂದು ಬಾಲರಾಜನ ಹೆಗಲ ಮೇಲೆ ಕೈ ಹಾಕಿದ. ಊದಿದ ಕೈಯ ಕಡೆಯ ಹೆಗಲು. ನಿನ್ನನ್ನು ಬಿಡುತ್ತೇನೆಯೇ ಎಂದ, ಊರಿನ ಮರ್ಯಾದೆಯಿದೆ ಎಂದ. ಆಮೇಲೆ ಮೆಟ್ಟಿಲ ಪಕ್ಕದ ತಗಡಿನ ಗೂಡಿನ ಕಡೆ ತೋರಿಸಿದ.

“ಟಿಕೆಟ್ ಹರಿಯೋಕೆ ಒಂದೇ ಕೈ ಸಾಕಲ್ಲಪ್ಪ.”

ಬಾಲರಾಜು ಹೆಂಡತಿಯ ಕಡೆ ನೋಡಲಿಲ್ಲ. ಆಯಿತು ಎಂದು ತಲೆಯಾಡಿಸಿದ. ಶಾಂತಕುಮಾರಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಏರಿ ಹತ್ತಿ ಮನೆಗೆ ಹೋದಳು.

ಹತ್ತು ಗಂಟೆಗೆ ಜನ ಬರುತ್ತಾರೆ, ಅಷ್ಟರಲ್ಲಿ ಒಳ್ಳೆಯ ಎಣ್ಣೆ ಹಾಕಿಬಿಡು ಎಂದು ಲೋಕನಾಥ ಉಜ್ಜಿನಪ್ಪನಿಗೆ ಹೇಳಿದ. ಅದಕ್ಕೆ ಇನ್ನೊಬ್ಬ ಬೇಕು, ಸುನೀಲನನ್ನು ಕಳಿಸ್ರಿ ಎಂದ ಉಜ್ಜಿನಪ್ಪ. ಸುನೀಲ್ ತಿಂಡಿಗೆ ಹೋಗಿದ್ದ. ಲೋಕನಾಥ ಗೂಡಿನ ಕಡೆ ತಿರುಗಿ ಬಾಲರಾಜನನ್ನು ಕೂಗಿದ. ಉಜ್ಜಿನಪ್ಪ ಅವನ ತೋಳು ಹಿಡಿದುಕೊಂಡ.

“ಅವ ಬ್ಯಾಡ್ರಿ. ಚಕ್ರ ಮುಟ್ಟಿದ ಕೂಡ್ಲೆ ಗೊತ್ತಾಗ್ತದ.”

“ಗೊತ್ತಾದ್ರೆ ಏನ್ ಮಾಡ್ತಾನೆ?” ಎಂದ ಲೋಕನಾಥ. ಬೆದರಿಸುವ ದನಿಯಲ್ಲ, ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದ. ಉಜ್ಜಿನಪ್ಪ ಹಿಡಿದಿದ್ದ ತೋಳು ಬಿಟ್ಟ. ಲೋಕನಾಥ ಫೋನು ಕಿವಿಗಿಟ್ಟು ಕಾರಿನ ಕಡೆ ನಡೆದ.

ಬಾಲರಾಜು ಬಂದು ಎಂದಿನಂತೆ ಸೀಟು ಒರೆಸಿ ಕೂತ. ಯಾಕೆ ಮತ್ತೆ ಎಣ್ಣೆ ಎಂದು ಕೇಳಲಿಲ್ಲ. ಅದು ಡ್ರೈವರಿನ ಪ್ರಶ್ನೆ, ಟಿಕೆಟಿನವನದಲ್ಲ. ಉಜ್ಜಿನಪ್ಪ ಹಿಂದೆ ಹೋಗಿ ಅರವತ್ತೆಂಟನ್ನು ಬಕೆಟ್ಟಿಗೆ ಇಳಿಸಿದ. ಜೇನಿನ ಹಾಗೆ ದಾರ ಕಟ್ಟಿ ಇಳಿಯಿತು. ಮುಂದೆ ಬಂದು ಚೀಲದಿಂದ ಡಬ್ಬಿ ತೆಗೆದು ಬಾಟಲಿಗೆ ಹದಿನೈದನ್ನು ಸುರಿದ. ಅದು ನೀರಿನ ಹಾಗೆ ಸದ್ದು ಮಾಡಿಕೊಂಡು ಇಳಿಯಿತು. ಸುರಿಯುವಾಗ ಇಬ್ಬರ ಮುಖಗಳೂ ಹತ್ತಿರವಿದ್ದವು. ಉಜ್ಜಿನಪ್ಪ ಬಾಟಲಿಯನ್ನೇ ನೋಡಿದ. ಆಮೇಲೆ ಹಿಂದಕ್ಕೆ ಹೋಗಿ ನಟ್ಟು ಸಡಿಲಿಸಿ, ಎಡಕ್ಕೆ ತಿರುಗ್ಸ್ರಿ ಎಂದ.

ಬಾಲರಾಜು ಬೆಳಗಿನ ಬಿಗಿಯನ್ನೇ ನೆನೆದು ಎರಡೂ ಕೈ ಹಾಕಿ ಮೈಭಾರ ಬಿಟ್ಟ. ಚಕ್ರ ಸರ್ರನೆ ತಿರುಗಿ ಅವನು ಪಕ್ಕಕ್ಕೆ ಮುಗ್ಗರಿಸಿದ. ಸಾವರಿಸಿಕೊಂಡು ಕೂತ. ಬಲಗೈ ತೆಗೆದ. ಊದಿದ ಎಡಗೈಯ ಎರಡು ಬೆರಳನ್ನು ಚಕ್ರದ ಅಂಚಿಗೆ ಇಟ್ಟು, ಬಲಕ್ಕೆ ತಂದ. ಬಂತು. ಎಡಕ್ಕೆ ಒಯ್ದ. ಹೋಯಿತು. ಸೀಲು ನಿನ್ನೆಯದೇ. ಬಾಟಲಿಯಲ್ಲಿ ಗುಳ್ಳೆಗಳು ಒಂದರ ಹಿಂದೊಂದು ಎದ್ದು ಒಡೆಯುತ್ತಿದ್ದವು.

ಅವನು ಹಿಂದಕ್ಕೆ ತಿರುಗಲಿಲ್ಲ. ಇಪ್ಪತ್ತನಾಲ್ಕು ಖಾಲಿ ಸೀಟುಗಳ ಆ ತುದಿಯಿಂದ ಕೇಳಿದ.

“ಈ ಡಬ್ಬಿ ನಿನ್ನೆ ನಮ್ಮನೇಗ್ ಬಂದಾಗ್ಲೂ ಚೀಲದಾಗಿತ್ತಾ ಮೇಸ್ತ್ರಿ?”

ಉಜ್ಜಿನಪ್ಪನ ಕೈಯಲ್ಲಿ ಸ್ಪ್ಯಾನರಿತ್ತು. ನೀರಿನ ಮೇಲೆ ಒಂದು ಡ್ರಮ್ಮು ಇನ್ನೊಂದಕ್ಕೆ ತಾಗಿ ಟೊಳ್ಳಾಗಿ ಸದ್ದು ಮಾಡಿತು.

“ಗುಳ್ಳಿ ನಿಂತಾವೇನ್ರಿ?” ಎಂದ.

ಬಾಲರಾಜು ಬಾಟಲಿಯನ್ನು ನೋಡಿದ. ಚಕ್ರವನ್ನು ಇನ್ನೊಮ್ಮೆ ಆ ತುದಿಗೆ ಒಯ್ದು ಈ ತುದಿಗೆ ತಂದ.

“ನಿಂತ್ವು,” ಎಂದ.

ಕೊಳವೆ ಬಿಚ್ಚಿ, ಮುಚ್ಚಳವನ್ನು ತಾನೇ ತಿರುಗಿಸಿ ಹಾಕಿ, ಚೆಲ್ಲಿದ್ದ ಎಣ್ಣೆಯನ್ನು ಅಂಗಿಯ ತುದಿಯಲ್ಲಿ ಒರೆಸಿ, ಅವನು ಬೋಟಿನಿಂದ ಇಳಿದ. ಇಳಿಯುವಾಗ, ಪರೀಕ್ಷೆಗೆ ಹಾಕಿಕೊಂಡಿದ್ದು ಇನ್ನೂ ಮೈಮೇಲೇ ಇದ್ದ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟನ್ನು ಬಿಚ್ಚಿ ಕಂಬದ ಮೊಳೆಗೆ ತೂಗುಹಾಕಿದ. ತಿಂಡಿ ಮುಗಿಸಿ ಬಂದ ಸುನೀಲ್ ಅದನ್ನೇ ತೆಗೆದು ಹಾಕಿಕೊಂಡ. ಎಡಗಡೆಯ ಪಟ್ಟಿಯನ್ನು ಯಾರೋ ಬಹಳ ಉದ್ದಕ್ಕೆ ಬಿಟ್ಟಿದ್ದರು; ಅವನು ಅದನ್ನು ಎಳೆದು, ಬಲಗಡೆಯದಕ್ಕೆ ಸಮ ಮಾಡಿ, ಕ್ಲಿಪ್ಪು ಒತ್ತಿದ.